ಹೊಸ ವೆಬ್‌ಸೈಟ್‌ಗೆ ಜಾಸ್ತಿ ಸರ್ಚ್, ಕಡಿಮೆ ಕಾಂಪಿಟಿಷನ್ ಇರುವ ಕೀವರ್ಡ್ ಆರಿಸುವುದು ಹೇಗೆ?

ನೀವು ಮಾರುವುದು ಗಾಣದ ಕೊಬ್ಬರಿ ಎಣ್ಣೆ. ಹೊಸ ಸೈಟಿಗೆ ಯಾವ ಕೀವರ್ಡ್ (ಜನ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕುವ ಪದ) ಆರಿಸಬೇಕು, ಯಾವ ಟೂಲ್ ಒಳ್ಳೇದು, ಒಂದು ಪೇಜಿಗೆ ಎಷ್ಟು ಕೀವರ್ಡ್ ಅಂತ ಕೇಳಿ ನಿಮ್ಮ ಪಟ್ಟಿಯನ್ನೂ ಕಳಿಸಿದ್ದೀರಿ. ನಿಮ್ಮ ಕೀವರ್ಡ್ ಪಟ್ಟಿಯಲ್ಲಿ ಮೊದಲನೆಯದೇ 'ತಿಪಟೂರು ಕೊಬ್ಬರಿ ದರ'. ದಯವಿಟ್ಟು ಅದನ್ನು ಹೊಡೆದು ಹಾಕಿ, ಆಮೇಲೆ ಮುಂದೆ ಓದಿ.

ನಾನು ಬ್ಯಾಡಗಿ ಮೆಣಸಿನಕಾಯಿ, ಖಾರದ ಪುಡಿ ಮಾರುತ್ತೇನೆ. ಸೈಟ್ ಶುರು ಮಾಡಿದಾಗ ನಿಮ್ಮ ಹಾಗೇ ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಕೀವರ್ಡ್ ಪ್ಲಾನರ್ ತೆರೆದು ಕೂತಿದ್ದೆ. 'ಬ್ಯಾಡಗಿ ಮೆಣಸಿನಕಾಯಿ ಇವತ್ತಿನ ದರ' ಅನ್ನುವುದಕ್ಕೆ ಒಳ್ಳೆ ಸರ್ಚ್ ಇತ್ತು. ಪಕ್ಕದ ಕಾಲಂನಲ್ಲಿ ಕಾಂಪಿಟಿಷನ್: ಲೋ. ಲಾಟರಿ ಹೊಡೆಯಿತು ಅಂದುಕೊಂಡೆ. ಇಡೀ ಸೈಟನ್ನು ದರದ ಸುತ್ತಲೇ ಕಟ್ಟಿದೆ. ಡಬ್ಬಿ ದರ, ಕಡ್ಡಿ ದರ, ಗುಂಟೂರು ದರ (ಮೂರೂ ಮೆಣಸಿನಕಾಯಿಯ ಬಗೆಗಳು), ಒಂದೊಂದಕ್ಕೂ ಒಂದು ಪೇಜ್. ದಿನಾ ಬರೆಯಲು ಒಬ್ಬರಿಗೆ ಸಂಬಳ ಬೇರೆ. ಕೆಲವು ತಿಂಗಳಲ್ಲಿ ಗೂಗಲ್‌ನ ಮೊದಲ ಪೇಜಿಗೂ ಬಂದೆ. ಮಾರುಕಟ್ಟೆಗೆ ಆವಕ ಜೋರಾದಾಗ ಟ್ರಾಫಿಕ್ ನೋಡಿ ಖುಷಿಯೋ ಖುಷಿ.

ಆರ್ಡರ್ ಮಾತ್ರ ಇಲ್ಲ. ಫೋನ್ ಬರುತ್ತಿದ್ದವು. "ಅಣ್ಣಾರ, ಇವತ್ತ ಡಬ್ಬಿ ಎಷ್ಟಕ್ಕ ಹೋತ್ರೀ?" ಗದಗ, ಕುಂದಗೋಳ, ಬಳ್ಳಾರಿ ಕಡೆಯ ರೈತರು. ಕ್ವಿಂಟಲ್‌ಗಟ್ಟಲೆ ಮಾರಲು ಕಾಯುತ್ತಿರುವವರು ನನ್ನ ಅರ್ಧ ಕೆಜಿ ಪ್ಯಾಕೆಟ್ ಯಾಕೆ ಕೊಳ್ಳುತ್ತಾರೆ? ಮೆಣಸಿನಕಾಯಿ ಬೆಳೆಯುವವರಿಗೇ ಮೆಣಸಿನಕಾಯಿ ಮಾರಲು ಹೊರಟಿದ್ದೆ! ಅಷ್ಟರಲ್ಲಿ ಬೀಸಿಟ್ಟ ಪುಡಿ ಬಣ್ಣ ಕಳೆದುಕೊಂಡಿತು. ಬ್ಯಾಡಗಿಗೆ ಬೆಲೆ ಬರುವುದೇ ಬಣ್ಣಕ್ಕೆ, ಖಾರಕ್ಕಲ್ಲ. ಆ ವರ್ಷ ಹಾಕಿದ ಬಂಡವಾಳ ಅಲ್ಲಿಗೆ ಮುಳುಗಿತು.

ನಾನು ಎಡವಿದ್ದು ಆ 'ಲೋ' ಅನ್ನುವ ಕಾಲಂನಲ್ಲಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕಂದ್ರೆ ಇವತ್ತಿಗೂ ಎಷ್ಟೋ ಜನ ಅದನ್ನು ತಪ್ಪಾಗಿ ಓದುತ್ತಾರೆ. ಕೀವರ್ಡ್ ಪ್ಲಾನರ್ ಇರುವುದು ಗೂಗಲ್‌ನಲ್ಲಿ ಜಾಹೀರಾತು ಕೊಡುವವರಿಗೆ. ಅಲ್ಲಿ ಕಾಂಪಿಟಿಷನ್ ಅಂದ್ರೆ, ಆ ಪದಕ್ಕೆ ದುಡ್ಡು ಕೊಟ್ಟು ಜಾಹೀರಾತು ಹಾಕಲು ಎಷ್ಟು ಪೈಪೋಟಿ ಇದೆ ಅನ್ನುವುದು. ದುಡ್ಡು ಕೊಡದೆ ಸರ್ಚ್‌ನಲ್ಲಿ ಮೇಲೆ ಬರುವುದು ಸುಲಭವೋ ಕಷ್ಟವೋ ಅಂತ ಅದು ಹೇಳುವುದೇ ಇಲ್ಲ. ಈಗ ಯೋಚಿಸಿ. ಅಷ್ಟೊಂದು ಜನ ಹುಡುಕುವ ಪದಕ್ಕೆ ವ್ಯಾಪಾರಿಗಳು ದುಡ್ಡು ಹಾಕುತ್ತಿಲ್ಲ ಅಂದ್ರೆ ಏನರ್ಥ? ಹೆಚ್ಚಾಗಿ, ಹುಡುಕುವವರು ಕೊಳ್ಳುವವರಲ್ಲ. ಖಾಲಿ ಇದೆ ಅಂತ ನಾನು ನುಗ್ಗಿದ ಜಾಗವನ್ನು ಗಿರಾಕಿ ಇಲ್ಲ ಅಂತ ಉಳಿದವರು ಬಿಟ್ಟು ಹೋಗಿದ್ದರು. ಸರ್ಚ್ ಸಂಖ್ಯೆಯೂ ಅಷ್ಟೇ. ಜಾಹೀರಾತಿಗೆ ಖರ್ಚು ಮಾಡದ ಅಕೌಂಟ್‌ಗೆ '1 ಸಾವಿರದಿಂದ 10 ಸಾವಿರ' ಅಂತ ಅಗಲವಾದ ಅಂದಾಜು ತೋರಿಸುತ್ತದೆ. ಅದನ್ನು ನಂಬಿಕೊಂಡು ಅಂಗಡಿ ಇಡಲು ಆಗುತ್ತಾ?

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಯಾವ ಟೂಲ್ ಒಳ್ಳೇದು ಅನ್ನುವುದು ಆಮೇಲಿನ ಮಾತು. ನಿಮ್ಮ ಪದವನ್ನು ಇನ್‌ಕಾಗ್ನಿಟೋದಲ್ಲಿ (ನಿಮ್ಮ ಹಳೆ ಸರ್ಚ್‌ಗಳು ಲೆಕ್ಕಕ್ಕೆ ಬಾರದ ಬ್ರೌಸರ್ ಕಿಟಕಿ) ಗೂಗಲ್ ಮಾಡಿ, ಮೊದಲ ಪೇಜಿನಲ್ಲಿ ಯಾರಿದ್ದಾರೆ ನೋಡಿ. ಎಲ್ಲವೂ ಮಾರುಕಟ್ಟೆ ದರದ ಪೇಜ್‌ಗಳಾದರೆ ಅಲ್ಲಿ ಎಣ್ಣೆ ಮಾರಲು ಆಗಲ್ಲ. 'ಕೊಬ್ಬರಿ ಎಣ್ಣೆ' ಅಂತ ಹೊಡೆದರೆ ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳೇ ಸಾಲಾಗಿ ಬಂದವೋ, ಸದ್ಯಕ್ಕೆ ಅದೂ ಬೇಡ.

ನನಗೆ ದಾರಿ ಸಿಕ್ಕಿದ್ದು ವಾಟ್ಸಾಪ್‌ನಲ್ಲಿ. "ಕಲರ್ ಹಾಕಿದ್ದೀರಾ?" "ಖಾರ ಕಮ್ಮಿನಾ, ಮಕ್ಕಳು ತಿಂತಾರಾ?" "ಬಿಸಿಬೇಳೆಬಾತ್ ಪುಡಿಗೆ ಡಬ್ಬಿ ತಗೊಳ್ಳೋದಾ, ಕಡ್ಡಿನಾ?" ಕೊಂಡವರು ಕೇಳಿದ್ದು ಇವನ್ನೇ, ದರವನ್ನಲ್ಲ. ಒಂದೊಂದಕ್ಕೂ ಸರಿಯಾಗಿ ಉತ್ತರ ಬರೆದು ಪೇಜ್ ಮಾಡಿದೆ. ಪ್ಲಾನರ್‌ನಲ್ಲಿ ಇವಕ್ಕೆ ಸಂಖ್ಯೆಯೇ ಬರಲ್ಲ. ಬರುವವರು ಕಡಿಮೆ, ಆದರೆ ಪ್ಯಾಕೆಟ್ ಹೋಗುತ್ತದೆ.

ನಿಮಗೂ ಇಂಥ ಪ್ರಶ್ನೆಗಳು ಬಂದೇ ಬಂದಿರುತ್ತವೆ. ಚಳಿಗಾಲದಲ್ಲಿ "ಎಣ್ಣೆ ಗಟ್ಟಿಯಾಗಿದೆ, ಕಲಬೆರಕೆನಾ?" ಅಂತ ಕೇಳದವರು ಯಾರು? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಅದು ಅದರ ಗುಣ. ಮೊದಲ ಪೇಜ್ ಇದರ ಮೇಲೇ ಬರೆಯಿರಿ. ತಲೆಗೂ ಅಡುಗೆಗೂ ಒಂದೇ ಎಣ್ಣೆನಾ, ಎಷ್ಟು ತಿಂಗಳು ಇಡಬಹುದು ಅನ್ನುವುದು ಆಮೇಲೆ.

ಟೂಲ್ ಬೇಕೇ ಬೇಕು ಅಂದ್ರೆ ಗೂಗಲ್ ಸರ್ಚ್ ಕನ್ಸೋಲ್ ಸಾಕು, ಬಿಟ್ಟಿ. ಜನ ಏನು ಟೈಪ್ ಮಾಡಿದಾಗ ನಿಮ್ಮ ಸೈಟ್ ಕಾಣಿಸಿತು ಅಂತ ಹಿಂದಿನ 16 ತಿಂಗಳ ಲೆಕ್ಕ ಅಲ್ಲಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವವರೂ ಅಲ್ಲಿ ಸಿಗುತ್ತಾರೆ, ಅವರನ್ನು ಬಿಡಬೇಡಿ.

ಒಂದು ಪೇಜಿಗೆ ಎಷ್ಟು ಕೀವರ್ಡ್ ಅಂತಲೂ ಕೇಳಿದ್ದೀರಿ. ಒಂದು ಪೇಜಿಗೆ ಗಿರಾಕಿಯ ಒಂದು ಪ್ರಶ್ನೆ, ಅಷ್ಟೇ. ಮೆಟಾ ಕೀವರ್ಡ್ಸ್ ಟ್ಯಾಗ್ (ಓದುಗರಿಗೆ ಕಾಣದ ಹಾಗೆ ಪೇಜಿನ ಕೋಡ್‌ನಲ್ಲಿ ಬರೆಯುವ ಕೀವರ್ಡ್ ಪಟ್ಟಿ) ತುಂಬಿಸಿ ಕೊಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರ್‍ಯಾಂಕಿಂಗ್‌ಗೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.