ಬ್ಲ್ಯಾಕ್‌ರೀಚ್ ಕಟ್ಟಿದವರು ಎಲ್ಲಿ ಹೋದರು?

ದಾವಣಗೆರೆಯ ಗೆಳೆಯರೇ, ಸ್ಕೈರಿಮ್ ಎಂಬ ವಿಡಿಯೋ ಗೇಮಿನಲ್ಲಿ ನೆಲದಡಿಯ ಊರಾದ ಬ್ಲ್ಯಾಕ್‌ರೀಚ್ ತುಂಬ ಓಡಾಡುವ ಆ ಕುರುಡು ಜೀವಿಗಳೇ ಊರು ಕಟ್ಟಿದ ಡ್ವೆಮರ್ ಜನರಾ ಅಂತ ಕೇಳಿದ್ದೀರಿ. ಅಲ್ಲ. ಕಟ್ಟಿದವರ ಗುಲಾಮರಾಗಿದ್ದವರ ಸಂತತಿ ಅದು.

ಈ ಫಾಲ್ಮರ್‌ಗಳು ಮೂಲದಲ್ಲಿ ಹಿಮ ಎಲ್ಫ್‌ಗಳು. ನಾರ್ಡ್‌ ಎಂಬ ಮನುಷ್ಯ ಕುಲದವರ ಹೊಡೆತ ತಾಳಲಾರದೆ ಡ್ವೆಮರ್‌ಗಳ ಬಾಗಿಲಿಗೆ ಬಂದರು. ಆಶ್ರಯವೇನೋ ಸಿಕ್ಕಿತು, ಆದರೆ ಡ್ವೆಮರ್‌ಗಳು ವಿಷದ ಅಣಬೆ ತಿನ್ನಿಸಿ ಅವರ ದೃಷ್ಟಿ ಕಿತ್ತುಕೊಂಡರು. ತಲೆಮಾರುಗಳ ನಂತರ ಫಾಲ್ಮರ್‌ಗಳು ತಿರುಗಿಬಿದ್ದರು, ನೆಲದಡಿಯಲ್ಲೇ ದಶಕಗಟ್ಟಲೆ ಯುದ್ಧ ನಡೆಯಿತು. ಹೀಗಿರುವಾಗ ಒಂದು ದಿನ ಎದುರಾಳಿಗಳೇ ಇಲ್ಲ! ಮೊದಲನೇ ಯುಗದ 700ನೇ ವರ್ಷ, ದೂರದ ಕೆಂಪು ಬೆಟ್ಟದ ಕಾಳಗದ ಹೊತ್ತಿಗೆ, ಕಾಗ್ರೆನಾಕ್ ಎಂಬ ಡ್ವೆಮರ್ ಲೋರ್ಕನ್ ದೇವರ ಹೃದಯದ ಮೇಲೆ ತನ್ನ ಉಪಕರಣ ಪ್ರಯೋಗಿಸಿದ. ಹೆಚ್ಚುಕಮ್ಮಿ ಇಡೀ ಕುಲವೇ ಆ ಕ್ಷಣದಲ್ಲಿ ಮಾಯ. ಎಲ್ಲಿಗೆ ಹೋದರು ಎಂಬುದನ್ನು ಆಟ ಬಿಡಿಸಿ ಹೇಳುವುದಿಲ್ಲ, ಹೇಳದಿರುವುದೇ ಸರಿ ಅಂತ ನನಗನಿಸುತ್ತದೆ.

ನಾನು ಚಿತ್ರದುರ್ಗದವನು. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಇಳಿದಾಗ ಗೈಡ್ ಟಾರ್ಚ್ ಆರಿಸಿದರು. ಮುಖದ ಮುಂದೆ ಹಿಡಿದ ನನ್ನದೇ ಅಂಗೈ ಕಾಣಲಿಲ್ಲ. ತಣ್ಣನೆಯ ಗೋಡೆ ತಡವುತ್ತಾ ನಿಂತೆ, ಪಕ್ಕದವರ ಉಸಿರು ಮಾತ್ರ ಕೇಳುತ್ತಿತ್ತು. ಅವತ್ತಿನಿಂದ ಫಾಲ್ಮರ್ ಕಂಡರೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಅವಕ್ಕೆ ಕಿವಿಯೇ ಕಣ್ಣು. ಮುಂದಿನ ಸಲ ಬಗ್ಗಿ, ಸದ್ದಿಲ್ಲದೆ ಪಕ್ಕದಲ್ಲೇ ದಾಟಿ ನೋಡಿ.