ಕೋಶ ಉರುಳುತ್ತಿಲ್ಲ, ತೇಲಿ ಹೋಗುತ್ತಿದೆ: ತಪ್ಪು ಟ್ಯೂಬಿನಲ್ಲಿದೆಯೇ?

ಪ್ರಶ್ನೆ: ರಕ್ತದಿಂದ ನ್ಯೂಟ್ರೊಫಿಲ್ (ಒಂದು ಬಗೆಯ ಬಿಳಿ ರಕ್ತಕೋಶ) ಬೇರ್ಪಡಿಸಲು, ಅದನ್ನು ಹಿಡಿದು ಗೋಡೆಯ ಮೇಲೆ ಉರುಳಿಸುವ ಪಿ-ಸೆಲೆಕ್ಟಿನ್ ಪ್ರೋಟೀನ್ ಲೇಪಿಸಿದ ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಚಿಪ್ ಮಾಡಿದ್ದೇವೆ. ಕಾಲುವೆ 1 ಮಿ.ಮೀ. ಅಗಲ, 50 ಮೈಕ್ರಾನ್ ಎತ್ತರ. ನೇರಳೆ ಮುಚ್ಚಳದ ಟ್ಯೂಬಿನ ರಕ್ತಕ್ಕೆ ಸಮಪಾಲು ಹ್ಯಾಂಕ್ಸ್ ದ್ರಾವಣ (ಕೋಶಗಳಿಗೆ ಒಗ್ಗುವ ಲವಣದ ನೀರು) ಬೆರೆಸಿ, ನಿಮಿಷಕ್ಕೆ 10 ಮೈಕ್ರೋಲೀಟರ್ ಹರಿಸುತ್ತೇವೆ. ಒಂದು ಕೋಶವೂ ಗೋಡೆ ಹಿಡಿಯುತ್ತಿಲ್ಲ. ಪ್ರೋಟೀನ್ ಕೆಟ್ಟಿದೆಯೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ದುಬಾರಿ ಪ್ರೋಟೀನನ್ನು ಎಸೆಯುವ ಮೊದಲು ಆ ನೇರಳೆ ಮುಚ್ಚಳವನ್ನು ಅನುಮಾನಿಸಿ. ಅದರಲ್ಲಿರುವುದು ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪು ತಡೆಯುವ ಇಡಿಟಿಎ, ಪ್ರತಿ ಮಿ.ಲೀ. ರಕ್ತಕ್ಕೆ ಸುಮಾರು 1.8 ಮಿ.ಗ್ರಾಂ., ಅಂದರೆ 4 ಮಿಲಿಮೋಲಾರ್‌ಗೂ ಹೆಚ್ಚು. ಪಿ-ಸೆಲೆಕ್ಟಿನ್‌ಗೆ ನ್ಯೂಟ್ರೊಫಿಲ್ ಮೈಮೇಲಿನ ಪಿಎಸ್‌ಜಿಎಲ್-1 ಪ್ರೋಟೀನನ್ನು ಹಿಡಿಯಲು ಕ್ಯಾಲ್ಸಿಯಂ ಬೇಕೇ ಬೇಕು. ಹ್ಯಾಂಕ್ಸ್ ದ್ರಾವಣದಲ್ಲಿ ಅದು ಬರೀ 1.26 ಮಿಲಿಮೋಲಾರ್. ಅದನ್ನೂ ರಕ್ತದ್ದನ್ನೂ ಸೇರಿಸಿ ಇಡಿಟಿಎ ನುಂಗಿ ಹಾಕುತ್ತದೆ.

ಹಾಗಂತ ಹಸಿರು ಮುಚ್ಚಳದ ಹೆಪಾರಿನ್ (ಹೆಪ್ಪು ತಡೆಯುವ ಇನ್ನೊಂದು ವಸ್ತು) ಟ್ಯೂಬಿಗೆ ಹಾರಬೇಡಿ. ಹೆಪಾರಿನ್ ಪಿ-ಸೆಲೆಕ್ಟಿನ್‌ಗೇ ಅಂಟಿಕೊಂಡು ಕೋಶಕ್ಕೆ ಜಾಗ ಬಿಡುವುದಿಲ್ಲ. ಇಡಿಟಿಎ ರಕ್ತವೇ ಇರಲಿ. ಕೆಂಪು ಕೋಶಗಳನ್ನು ಒಡೆದು ತೆಗೆದು, ಉಳಿದವನ್ನು ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಎರಡು ಸಲ ತೊಳೆಯಿರಿ (ಸೆಂಟ್ರಿಫ್ಯೂಜಿನಲ್ಲಿ 300 ಜಿ, 10 ನಿಮಿಷ). ಕ್ಯಾಲ್ಸಿಯಂ ಇರುವ ಹ್ಯಾಂಕ್ಸ್‌ಗೆ ಹಾಕುವುದು ಚಿಪ್‌ಗೆ ಬಿಡುವ ಹೊತ್ತಿಗೆ ಮಾತ್ರ. ಮೊದಲೇ ಹಾಕಿದರೆ ಕೋಶಗಳು ಮುದ್ದೆಗಟ್ಟುತ್ತವೆ, ಪ್ಲಾಸ್ಮಾ ಉಳಿದಿದ್ದರೆ ಹೆಪ್ಪೂ ಕಟ್ಟೀತು.

ಎರಡನೆಯ ಅನುಮಾನ ಹರಿವಿನ ವೇಗ: ಎಳೆತ ಹೆಚ್ಚಿದಷ್ಟೂ ಕೋಶ ಗೋಡೆ ಹಿಡಿಯುವುದು ಕಷ್ಟ. ಗೋಡೆಯ ಮೇಲಿನ ಎಳೆತ = 6 × ಸ್ನಿಗ್ಧತೆ × ಹರಿವು ÷ (ಅಗಲ × ಎತ್ತರದ ವರ್ಗ). ನೀರಿನಂಥ ದ್ರಾವಣಕ್ಕೆ ನಿಮ್ಮ ಲೆಕ್ಕ 0.4 ಪಾಸ್ಕಲ್ ಬರುತ್ತದೆ. ನಿಮಿಷಕ್ಕೆ 2.5 ಮೈಕ್ರೋಲೀಟರ್‌ಗೆ ಇಳಿಸಿದರೆ 0.1 ಪಾಸ್ಕಲ್, ಅಲ್ಲಿಂದ ಶುರುಮಾಡಿ. ಎತ್ತರವನ್ನು ಅಳೆದೇ ನೋಡಿ: ಅಚ್ಚು 50ರ ಬದಲು 40 ಮೈಕ್ರಾನ್ ಬಂದಿದ್ದರೆ ಎಳೆತ ಒಂದೂವರೆ ಪಟ್ಟು ದಾಟುತ್ತದೆ. ಕಾಲುವೆಯಲ್ಲಿ ಓರೆ ದಿಣ್ಣೆಗಳಿದ್ದರೆ ಈ ಲೆಕ್ಕ ಅಂದಾಜಷ್ಟೇ. ಉರುಳುವ ಕೋಶ ದಿಣ್ಣೆಯ ಜಾಡು ಹಿಡಿದು ಪಕ್ಕಕ್ಕೆ ಸರಿಯುವುದೇ ಆ ವಿನ್ಯಾಸದಲ್ಲಿ ವಿಂಗಡಣೆ, ಉರುಳದಿದ್ದರೆ ಅದೂ ಇಲ್ಲ.

ಲೇಪನ ಒಣಗಲೇಬಾರದು. ಮೈಸೂರಿನ ಏಪ್ರಿಲ್ ಸೆಕೆಯಲ್ಲಿ ಪುಟ್ಟ ರಂಧ್ರದ ಹನಿ ಬೇಗ ಆರುತ್ತದೆ. ಚಿಪ್ಪನ್ನು ಒದ್ದೆ ಟಿಶ್ಯೂ ಜೊತೆ ಮುಚ್ಚಿದ ಪೆಟ್ರಿ ತಟ್ಟೆಯಲ್ಲಿಡಿ. ಟ್ಯೂಬ್ ಸಿಕ್ಕಿಸುವಾಗ ರಂಧ್ರದ ಮೇಲೊಂದು ಹನಿ, ಟ್ಯೂಬಿನ ತುದಿಯಲ್ಲೊಂದು ಹನಿ ಇರಲಿ. ಹನಿಗೆ ಹನಿ ಮುಟ್ಟಿಸಿಯೇ ಒಳಗೆ ತಳ್ಳಿ. ಒಂದೇ ಗುಳ್ಳೆ ಹಾದರೂ ಪ್ರೋಟೀನ್ ಕಿತ್ತುಹೋಗುತ್ತದೆ.

ಕೋಶ ಉರುಳತೊಡಗಿದ ಮೇಲೆ 5 ಮಿಲಿಮೋಲಾರ್ ಇಡಿಟಿಎಯನ್ನು ನೀವೇ ಬಿಡಿ. ಎಲ್ಲವೂ ಕೈಬಿಟ್ಟು ಹರಿದುಹೋದರೆ ಹಿಡಿದಿದ್ದು ಸೆಲೆಕ್ಟಿನ್ನೇ. ಅಲ್ಲೇ ಕೂತಿದ್ದರೆ ಅದು ಬರೀ ಅಂಟು: ಚಿಪ್ಪನ್ನು 1% ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್) ದ್ರಾವಣದಲ್ಲಿ ಒಂದು ಗಂಟೆ ಬಿಟ್ಟು ಮತ್ತೆ ನೋಡಿ.