ಓದುಗರ ಪ್ರಶ್ನೆ: ಒಂದೂ ಪಂದ್ಯ ಸೋಲದ ತಂಡಕ್ಕೆ ಕಪ್ ಯಾಕೆ ಸಿಗಲಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ಮಗ ಹಳೆಯ ಕಾಲೇಜ್ ಫುಟ್‌ಬಾಲ್ ಮ್ಯಾಚಿನ ವಿಡಿಯೋ ಕಳಿಸಿದ್ದಾನೆ. 2007ರ ಫಿಯೆಸ್ಟಾ ಬೌಲ್, ಬಾಯ್ಸಿ ಸ್ಟೇಟ್ ಮತ್ತು ಒಕ್ಲಹೋಮ. ಕೊನೆಗೆ ಚೆಂಡು ಒದ್ದು ಒಂದು ಪಾಯಿಂಟ್ ತಗೊಂಡಿದ್ದರೆ ಸಮ ಆಗುತ್ತಿತ್ತು. ಬಾಯ್ಸಿಯವರು ಎರಡಕ್ಕೆ ಕೈ ಹಾಕಿದರು. ಹುಚ್ಚು ಸಾಹಸ ಅಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಆ ಹೊತ್ತಿನಲ್ಲಿ ಅದೇ ಸರಿಯಾದ ನಿರ್ಧಾರ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಯಾಕೆ ಅಂತ ಹೇಳ್ತೀನಿ. ಇದು ನಮ್ಮ ಕಾಲ್ಚೆಂಡಾಟ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಫಿಯೆಸ್ಟಾ ಬೌಲ್ ಅಂದರೆ ಸೀಸನ್ನಿನ ಕೊನೆಯಲ್ಲಿ ನಡೆಯುವ ದೊಡ್ಡ ಪಂದ್ಯಗಳಲ್ಲೊಂದು.

ಒಕ್ಲಹೋಮ ದೊಡ್ಡ ಮನೆತನದ ತಂಡ. ಬಿಗ್ 12 ಕಾನ್ಫರೆನ್ಸಿನ (ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು) ಚಾಂಪಿಯನ್, ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು, ಜೊತೆಗೆ ಏಡ್ರಿಯನ್ ಪೀಟರ್ಸನ್ ಅನ್ನುವ ಭಯಂಕರ ಓಟಗಾರ. ಬಾಯ್ಸಿ ಸ್ಟೇಟ್ ಐಡಾಹೋ ರಾಜ್ಯದ್ದು. ಕಾಲೇಜ್ ಫುಟ್‌ಬಾಲಿನ ಮೇಲಿನ ದರ್ಜೆಗೆ ಬಂದಿದ್ದೇ 1996ರಲ್ಲಿ. ಅವರು ಆಡುತ್ತಿದ್ದ ವೆಸ್ಟರ್ನ್ ಅಥ್ಲೆಟಿಕ್ ಕಾನ್ಫರೆನ್ಸನ್ನು ದೊಡ್ಡವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆ ವರ್ಷ ಆಡಿದ 12 ಪಂದ್ಯಗಳನ್ನೂ ಗೆದ್ದು ಬಂದಿದ್ದರೂ ಅಷ್ಟೇ.

2007ರ ಜನವರಿ 1, ಅರಿಜೋನಾದ ಗ್ಲೆಂಡೇಲ್. ಒಂದು ಹಂತದಲ್ಲಿ ಬಾಯ್ಸಿ 28-10 ಮುಂದಿತ್ತು. ಆಮೇಲೆ ಒಕ್ಲಹೋಮ ಬೆನ್ನು ಹತ್ತಿ, ಒಂದೂವರೆ ನಿಮಿಷಕ್ಕಿಂತ ಕಡಿಮೆ ಉಳಿದಾಗ 28-28 ಮಾಡಿತು. ಅದರ ಬೆನ್ನಿಗೇ ಬಾಯ್ಸಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಜ್ಯಾರೆಡ್ ಜಬ್ರಾನ್ಸ್ಕಿ ಎಸೆದ ಚೆಂಡು ಎದುರಾಳಿಯ ಕೈಗೆ ಹೋಯಿತು. ಅವನು ಸೀದಾ ಓಡಿ ಟಚ್‌ಡೌನ್ ಮಾಡಿದ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿದ. ಅದಕ್ಕೆ ಆರು ಪಾಯಿಂಟ್; ಆಮೇಲೆ ಚೆಂಡು ಒದ್ದು ಇನ್ನೊಂದು ಪಾಯಿಂಟ್ ತಗೋಬಹುದು, ಇಲ್ಲವೇ ಮತ್ತೆ ಗೆರೆ ದಾಟಿ ಎರಡು. 35-28. ಮುಗೀತು ಅಂತಲೇ ಎಲ್ಲರೂ ಅಂದುಕೊಂಡರು.

ಉಳಿದದ್ದು 18 ಸೆಕೆಂಡ್. ಈ ಆಟದಲ್ಲಿ 10 ಗಜ ಮುಂದೆ ಹೋಗುವುದಕ್ಕೆ ನಾಲ್ಕು ಅವಕಾಶ, ಆಗದಿದ್ದರೆ ಚೆಂಡು ಎದುರಾಳಿಗೆ. ಬಾಯ್ಸಿಗೆ ಅದು ನಾಲ್ಕನೆಯದು, ಹಿಂದೆ ಬಿದ್ದಿದ್ದರಿಂದ 18 ಗಜ ಬೇಕಿತ್ತು. ಜಬ್ರಾನ್ಸ್ಕಿ ಮಧ್ಯದಲ್ಲಿದ್ದ ಡ್ರಿಸಾನ್ ಜೇಮ್ಸ್‌ಗೆ ಎಸೆದ. ರಕ್ಷಕರೆಲ್ಲ ಜೇಮ್ಸ್ ಕಡೆ ನುಗ್ಗಿದರು. ಅಷ್ಟರಲ್ಲಿ ಎದುರಿಂದ ಅಡ್ಡ ಓಡಿ ಬಂದ ಜೆರಾರ್ಡ್ ರಾಬ್ ಕೈಗೆ ಜೇಮ್ಸ್ ಚೆಂಡು ದಾಟಿಸಿದ. ರಾಬ್ ಗೆರೆ ದಾಟಿದಾಗ ಏಳೇ ಸೆಕೆಂಡ್ ಬಾಕಿ. 35-35.

ಇನ್ನು ನಿಮ್ಮ ಪ್ರಶ್ನೆ. ಹೆಚ್ಚುವರಿ ಆಟದಲ್ಲಿ ಎರಡೂ ತಂಡಕ್ಕೆ 25 ಗಜದಿಂದ ಒಂದೊಂದು ಸರದಿ. ಪೀಟರ್ಸನ್ ಮೊದಲ ಓಟದಲ್ಲೇ 25 ಗಜವನ್ನೂ ಮುಗಿಸಿಬಿಟ್ಟ. ಬಾಯ್ಸಿ ಒದ್ದಾಡಿ, ಮತ್ತೆ ನಾಲ್ಕನೇ ಅವಕಾಶದಲ್ಲಿ ಟಚ್‌ಡೌನ್ ಮಾಡಿ 42-41ಕ್ಕೆ ಬಂತು. ಸಮ ಮಾಡಿಕೊಂಡಿದ್ದರೆ ಮುಂದಿನ ಸುತ್ತು. ಅಲ್ಲಿ ಸರದಿ ತಿರುಗಿ ಬಾಯ್ಸಿಯೇ ಮೊದಲು ಆಡಬೇಕಾಗುತ್ತಿತ್ತು, ಅಂದರೆ ಕ್ರಿಕೆಟ್ಟಿನಲ್ಲಿ ಟಾರ್ಗೆಟ್ ಗೊತ್ತಿಲ್ಲದೆ ಬ್ಯಾಟ್ ಮಾಡಿದ ಹಾಗೆ. ಪೀಟರ್ಸನ್‌ನನ್ನು ಮತ್ತೆ ಎದುರಿಸಬೇಕು, ಹುಡುಗರು ಸುಸ್ತಾಗಿದ್ದಾರೆ. ಎರಡು ಪಾಯಿಂಟ್‌ಗಾದರೆ ಬೇಕಾಗಿದ್ದು ಮೂರು ಗಜ, ಒಂದೇ ಆಟ, ಮತ್ತು ಬಾಯ್ಸಿಯ ಕೋಚ್ ಕ್ರಿಸ್ ಪೀಟರ್ಸನ್ (ಓಟಗಾರ ಪೀಟರ್ಸನ್ ಬೇರೆ) ಕೈಯಲ್ಲಿ ಒಂದು ಒಳ್ಳೆಯ ಪಟ್ಟು ಇನ್ನೂ ಉಳಿದಿತ್ತು.

ಆ ಪಟ್ಟನ್ನು ವಿಡಿಯೋದಲ್ಲಿ ನಿಧಾನ ಮಾಡಿ ನೋಡಿ. ಬಲಗಡೆ ಮೂವರು ಆಟಗಾರರು. ಜಬ್ರಾನ್ಸ್ಕಿ ಬಲಗೈ ಬೀಸಿ ಅವರ ಕಡೆ ಎಸೆದ ಹಾಗೆ ಮಾಡುತ್ತಾನೆ, ಆ ಕೈ ಖಾಲಿ. ಚೆಂಡು ಎಡಗೈಯಲ್ಲಿ, ಬೆನ್ನ ಹಿಂದೆ. ಇಯಾನ್ ಜಾನ್ಸನ್ ಅದನ್ನು ತಗೊಂಡು ಎಡಕ್ಕೆ ಓಡುತ್ತಾನೆ. ಒಕ್ಲಹೋಮದವರು ತಿರುಗುವಷ್ಟರಲ್ಲಿ ಗೆರೆ ದಾಟಿ ಆಗಿತ್ತು. 43-42. ಸ್ಟ್ಯಾಚ್ಯೂ ಆಫ್ ಲಿಬರ್ಟಿ ಅಂತ ಕರೆಯುವ ಬಹಳ ಹಳೇ ಪಟ್ಟು ಇದು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಅದೇ ಪಂದ್ಯ ಮುಗಿದ ಮೇಲೆ ಆಟಗಾರನೊಬ್ಬ ಮಂಡಿಯೂರಿದ್ದು ಯಾಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅವನೇ ಇಯಾನ್ ಜಾನ್ಸನ್. ತಂಡದ ಚಿಯರ್‌ಲೀಡರ್ ಆಗಿದ್ದ ಗೆಳತಿಯನ್ನು ಟಿವಿ ಕ್ಯಾಮೆರಾ ಮುಂದೆ, ಲೈವ್‌ನಲ್ಲೇ, ಮದುವೆ ಆಗ್ತೀಯಾ ಅಂತ ಕೇಳಿದ. ಹುಡುಗಿ ಒಪ್ಪಿದಳು. ಅದೇ ವರ್ಷ ಮದುವೆಯೂ ಆಯಿತು.

ಪ್ರಶ್ನೆ: ಬಾಯ್ಸಿ ಒಂದೂ ಪಂದ್ಯ ಸೋತಿಲ್ಲ ಅಂದಮೇಲೆ ಚಾಂಪಿಯನ್ ಅವರೇ ಆಗಬೇಕಿತ್ತಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನ್ಯಾಯವಾಗಿ ಒಂದು ಅವಕಾಶವಾದರೂ ಸಿಗಬೇಕಿತ್ತು. ಆಗ ಮತದಾನದ ಪಟ್ಟಿ, ಕಂಪ್ಯೂಟರ್ ಲೆಕ್ಕ ಎಲ್ಲ ಸೇರಿಸಿ ಎರಡೇ ತಂಡಗಳನ್ನು ಫೈನಲ್‌ಗೆ ಆರಿಸುತ್ತಿದ್ದರು. ಆ ವರ್ಷ ಒಹಾಯೋ ಸ್ಟೇಟ್ ಮತ್ತು ಫ್ಲೋರಿಡಾ ಆಡಿದವು, ಫ್ಲೋರಿಡಾ 41-14ರಲ್ಲಿ ಗೆದ್ದಿತು. ಅದಾದ ಮೇಲೆ ಇಡೀ ದರ್ಜೆಯಲ್ಲಿ ಸೋಲದೇ ಉಳಿದದ್ದು 13-0 ಮಾಡಿದ ಬಾಯ್ಸಿ ಒಂದೇ. ಆದರೂ ಪತ್ರಕರ್ತರು ಮತ ಹಾಕುವ ಎಪಿ ಪಟ್ಟಿಯಲ್ಲಿ ಐದನೇ ಸ್ಥಾನ! ನಿಮ್ಮ ಎದುರಾಳಿಗಳು ದುರ್ಬಲರು ಅನ್ನುವ ವಾದ ಇತ್ತು. ಸರಿ, ಆದರೆ ಬಲವಾದ ಎದುರಾಳಿ ಸಿಕ್ಕಾಗ ಅವರು ಗೆದ್ದು ತೋರಿಸಿದರಲ್ಲ, ಇನ್ನೇನು ಮಾಡಬೇಕಿತ್ತು?

2014ರ ಸೀಸನ್ನಿನಿಂದ ನಾಲ್ಕು ತಂಡಗಳ ಪ್ಲೇಆಫ್ ಬಂತು, 2024ರಲ್ಲಿ ಅದು 12 ತಂಡಕ್ಕೆ ಏರಿತು. ಆ ವರ್ಷವೇ ಬಾಯ್ಸಿ ಅದರಲ್ಲಿ ಆಡಿತು. ಅದೇ ಗ್ಲೆಂಡೇಲ್ ಸ್ಟೇಡಿಯಂನಲ್ಲಿ, ಅದೇ ಫಿಯೆಸ್ಟಾ ಬೌಲ್‌ನಲ್ಲಿ, ಪೆನ್ ಸ್ಟೇಟ್ ಎದುರು 31-14ರಲ್ಲಿ ಸೋತಿತು. ಬೇಜಾರಾಯಿತು ನಿಜ, ಆದರೆ ಮೈದಾನಕ್ಕಿಳಿದು ಸೋತಿದ್ದಕ್ಕೆ ನನ್ನದೇನೂ ತಕರಾರಿಲ್ಲ.